ಕೈಗಡಿಯಾರದೊಳಗೆ ನೀರು ಹೋಗುವುದೇಕೆ?



ನಿಮ್ಮ ಕೈಯಲ್ಲಿ ಈಗ ಗಡಿಯಾರ ಇದ್ದರೆ ಒಮ್ಮೆ ಬಿಚ್ಚಿ, ಮಗುಚಿ ನೋಡಿ. ಹಿಂದಿನ ಉಕ್ಕಿನ ಮುಚ್ಚಳದ ಮೇಲೆ ಇರುವೆ ಸಾಲಿನಂತೆ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. 'ವಾಟರ್ ರೆಸಿಸ್ಟೆಂಟ್' ಎಂದು ಬರೆದು, ಅದರ ಪಕ್ಕದಲ್ಲಿ 30 ಮೀಟರ್ ಎಂದೋ, 50 ಮೀಟರ್ ಎಂದೋ, 3 ಬಾರ್, 5 ಎಟಿಎಂ ಎಂದೋ ಒಂದು ಅಂಕಿ ಕೊಟ್ಟಿರುತ್ತಾರೆ. ನಾವು ಕಾಸರಗೋಡಿನವರು ಮನೆಯಲ್ಲೊಂದು ಭಾಷೆ, ಪೇಟೆಯಲ್ಲೊಂದು ಭಾಷೆ ಆಡಿ ಬದುಕುವವರು. ಒಂದು ಭಾಷೆಯ ಮಾತನ್ನು ಇನ್ನೊಂದಕ್ಕೆ ತಿರುಗಿಸಿಕೊಳ್ಳುವುದು ನಮಗೆ ಹೊಸತಲ್ಲ. ಆದರೂ ಈ ಮೂರು ನಾಲ್ಕು ಪದಗಳ ಬರಹವನ್ನು ಓದುವುದರಲ್ಲಿ ನಾವು ಎಡವುತ್ತೇವೆ. ನಮ್ಮ ಮನೆಯಲ್ಲೇ ಎಡವಿದ್ದೇವೆ. ಅದನ್ನೇ ಮೊದಲು ಹೇಳುತ್ತೇನೆ.

ನನ್ನ ಅಣ್ಣ ಗಲ್ಫಿನಲ್ಲಿ ಕೆಲಸಕ್ಕಿದ್ದ. ಒಮ್ಮೆ ರಜೆಯಲ್ಲಿ ಬಂದಾಗ ಅಪ್ಪನಿಗೆ ಒಂದು ವಾಚು ತಂದುಕೊಟ್ಟ. ಹಿಂದೆ 30 ಮೀಟರ್ ಎಂದು ಬರೆದಿತ್ತು. "ಇನ್ನು ಮಳೆಗೆ ಬಿಚ್ಚಿಡಬೇಕೆಂದಿಲ್ಲ ಅಪ್ಪ, ನೀರು ಹೋಗುವುದಿಲ್ಲ" ಎಂದ. ಅಪ್ಪ ಅದನ್ನು ಕಟ್ಟಿಕೊಂಡೇ ತೋಟಕ್ಕೆ ಹೋದರು, ಗದ್ದೆಗೆ ಇಳಿದರು, ನಾಲ್ಕು ಮಳೆಗಾಲ ಕಳೆದರು. ಏನೂ ಆಗಲಿಲ್ಲ. ಐದನೆಯ ವರ್ಷ ಮಳೆ ಹಿಡಿದ ಮೇಲೆ ಸೆಲ್ಲು ಮುಗಿಯಿತು. ಪೇಟೆಯ ಒಂದು ಅಂಗಡಿಯಲ್ಲಿ ಹೊಸ ಸೆಲ್ಲು ಹಾಕಿಸಿಕೊಂಡು ಬಂದರು. ಅದಾಗಿ ಮೂರು ವಾರವಾಗಿರಬೇಕು, ಅಡಿಕೆ ತೋಟದ ಕಣಿಯಲ್ಲಿ ಸೋಗೆ ಸಿಕ್ಕಿ ನೀರು ಕಟ್ಟಿತ್ತು. ಮೊಣಗಂಟಿನವರೆಗೆ ಕೈ ಹಾಕಿ ಎಳೆದು ತೆಗೆದರು. ಸಂಜೆಗೆ ವಾಚಿನ ಗಾಜಿನೊಳಗೆ ಮಂಜು ಕವಿದಿತ್ತು, ಮರುದಿನ ಮುಳ್ಳು ನಿಂತಿತ್ತು.

ಮೂವತ್ತು ಮೀಟರೆಂದು ಬರೆದ ವಾಚು ಮೊಣಕಾಲು ನೀರಿನಲ್ಲಿ ಸತ್ತಿತಲ್ಲ! ಅಪ್ಪನಿಗೆ ಸಿಟ್ಟು ಬಂತು. ಅಣ್ಣನ ಫೋನು ಬಂದಾಗ, "ನಿನಗೆ ಅಲ್ಲಿ ಯಾರೋ ಟೋಪಿ ಹಾಕಿದ್ದಾರೆ, ದುಡ್ಡು ಹಾಳು ಮಾಡಿದೆ" ಎಂದುಬಿಟ್ಟರು. ಎರಡು ತಿಂಗಳ ಓವರ್‌ಟೈಮಿನ ದುಡ್ಡು ಅದರಲ್ಲಿತ್ತು. ಅಣ್ಣ ಆ ಕಡೆಯಿಂದ ಏನೂ ಹೇಳದೆ ಫೋನು ಇಟ್ಟ. ಆಮೇಲೆ ಕೆಲವು ವಾರ ಅಮ್ಮನೊಡನೆ ಮಾತ್ರ ಮಾತಾಡುತ್ತಿದ್ದ.

ತಪ್ಪು ಯಾರದು? ಕಂಪನಿಯದೇ, ಅಣ್ಣನದೇ, ಅಪ್ಪನದೇ? ಇದಕ್ಕೆ ಉತ್ತರ ಸಿಗಬೇಕಾದರೆ ಮುಚ್ಚಳದ ಮೇಲಿನ ಆ ಬರಹದ ಅರ್ಥ ತಿಳಿಯಬೇಕು.

ಮೊದಲು 'ರೆಸಿಸ್ಟೆಂಟ್' ಎಂಬ ಮಾತನ್ನು ನೋಡೋಣ. ಅದರ ಅರ್ಥ ತಡೆಯುವಂಥದು ಎಂದು. ಎಂದಿಗೂ ನೀರು ಹೋಗದು ಎಂದಲ್ಲ. ಹಿಂದೆ 'ವಾಟರ್ ಪ್ರೂಫ್' ಎಂದೇ ಬರೆಯುತ್ತಿದ್ದರು. ಯಾವ ವಾಚಿಗೂ ಅಷ್ಟು ದೊಡ್ಡ ಮಾತು ಹೊಂದುವುದಿಲ್ಲವೆಂದು ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗ 1960ರ ದಶಕದಲ್ಲಿ ಆ ಪದಕ್ಕೆ ತಡೆ ಹಾಕಿತು. ಈಗ ಹೆಚ್ಚಿನ ಕಡೆ ತಡೆಯುವುದು ಎಂಬ ಮಾತೇ ಬಳಕೆಯಲ್ಲಿದೆ. ನಮ್ಮ ಗೊರಬೆಯನ್ನು ನೆನಪಿಸಿಕೊಳ್ಳಿ. ಗೊರಬೆ ಹೊದ್ದವಳು ಇಡೀ ದಿನ ಮಳೆಯಲ್ಲಿ ನೇಜಿ ನೆಡಬಲ್ಲಳು. ಹಾಗೆಂದು ಗೊರಬೆ ಹೊದ್ದು ಹೊಳೆಗೆ ಹಾರಿದರೆ ಮೈ ಒದ್ದೆಯಾಗದೆ ಉಳಿಯುವುದೇ? ಗೊರಬೆ ಮಳೆಯನ್ನು ತಡೆಯುತ್ತದೆ. ಎಷ್ಟು ತಡೆಯುತ್ತದೆ, ಎಲ್ಲಿಯ ತನಕ ತಡೆಯುತ್ತದೆ ಎಂಬುದೇ ಪ್ರಶ್ನೆ.

ಆ 'ಎಷ್ಟು' ಎನ್ನುವುದನ್ನು ಹೇಳಲು ಅಂಕಿ ಕೊಡುತ್ತಾರೆ. ಈ ಅಂಕಿ ನಿಜವಾಗಿ ಆಳದ್ದಲ್ಲ, ಒತ್ತಡದ್ದು. ನೀರಿನಲ್ಲಿ ಕೆಳಗೆ ಹೋದಂತೆ ಮೇಲಿನ ನೀರಿನ ಭಾರ ನಮ್ಮನ್ನು ಒತ್ತುತ್ತದೆ. ಹತ್ತು ಮೀಟರು ಆಳಕ್ಕೆ ಸುಮಾರು ಒಂದು ಬಾರ್ ಒತ್ತಡ ಹೆಚ್ಚುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ. ಬಾರ್ ಮತ್ತು ಎಟಿಎಂ ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾಗಿ 30 ಮೀಟರ್ ಎಂದರೂ, 3 ಬಾರ್ ಎಂದರೂ, 3 ಎಟಿಎಂ ಎಂದರೂ ಒಂದೇ. ವಾಚಿನ ಗಾಜು ಮೂರು ಸೆಂಟಿಮೀಟರು ಅಗಲವಿದ್ದರೆ ಅದರ ವಿಸ್ತೀರ್ಣ ಏಳು ಚದರ ಸೆಂಟಿಮೀಟರ್. ಮೂವತ್ತು ಮೀಟರಿನ ಒತ್ತಡದಲ್ಲಿ ಆ ಪುಟ್ಟ ಗಾಜಿನ ಮೇಲೆ ಇಪ್ಪತ್ತೊಂದು ಕಿಲೋ ಭಾರ ಬೀಳುತ್ತದೆ. ನೂರು ಮೀಟರಾದರೆ ಎಪ್ಪತ್ತು ಕಿಲೋ.

ಈ ಅಂಕಿಯನ್ನು ವಾಚಿಗೆ ಹೇಗೆ ಕೊಡುತ್ತಾರೆ? ಅದಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಒಂದು ನಿಯಮಾವಳಿ ಇದೆ. 2010ರಲ್ಲಿ ಬಂದ ಅದಕ್ಕೆ ಐ.ಎಸ್.ಒ. 22810 ಎಂದು ಹೆಸರು. ಅದರಂತೆ ಹೊಸ ವಾಚನ್ನು ಒಂದು ಗಂಟೆ ಕಾಲ ಹತ್ತು ಸೆಂಟಿಮೀಟರು ನೀರಿನಲ್ಲಿ ಮುಳುಗಿಸಿಡುತ್ತಾರೆ. ಬದಿಯ ಗುಂಡಿಯನ್ನು ಒತ್ತಿ ಹಿಡಿದು ಇನ್ನೊಮ್ಮೆ ಮುಳುಗಿಸುತ್ತಾರೆ. ನಲುವತ್ತು ಡಿಗ್ರಿಯ ನೀರಿನಿಂದ ಇಪ್ಪತ್ತು ಡಿಗ್ರಿಯ ನೀರಿಗೆ, ಅಲ್ಲಿಂದ ಪುನಃ ನಲುವತ್ತಕ್ಕೆ ಹಾಕಿ ನೋಡುತ್ತಾರೆ. ಆಮೇಲೆ ಮುಚ್ಚಳದ ಮೇಲೆ ಬರೆದಿರುವಷ್ಟು ಒತ್ತಡವನ್ನು ಹತ್ತು ನಿಮಿಷ ಕೊಡುತ್ತಾರೆ. ಇಷ್ಟಾದರೂ ಒಳಗೆ ತೇವ ಕಾಣದಿದ್ದರೆ ವಾಚು ಪಾಸು. ತಯಾರಾದ ಪ್ರತಿಯೊಂದನ್ನೂ ಹೀಗೆ ನೋಡಬೇಕೆಂದಿಲ್ಲ. ಒಂದು ರಾಶಿಯಿಂದ ಕೆಲವನ್ನು ತೆಗೆದು ಪರೀಕ್ಷಿಸಿದರೂ ಸಾಕು.

ಇದರಲ್ಲಿ ಎರಡು ವಿಷಯವನ್ನು ಗಮನಿಸಿ. ಪರೀಕ್ಷೆಯಾದದ್ದು ಹೊಸ ವಾಚಿಗೆ, ಆಗಿದ್ದು ಹತ್ತು ನಿಮಿಷದ ಮಟ್ಟಿಗೆ. ಕಾರ್ಖಾನೆಯಿಂದ ಹೊರಟ ದಿನ ಅದರ ಆರೋಗ್ಯ ಹೇಗಿತ್ತು ಎಂದು ಹೇಳುವ ಸರ್ಟಿಫಿಕೇಟು ಅದು. ಹದಿನೆಂಟನೆಯ ವಯಸ್ಸಿನಲ್ಲಿ ಓಟದ ಪಂದ್ಯ ಗೆದ್ದ ಸರ್ಟಿಫಿಕೇಟು ಗೋಡೆಯಲ್ಲಿದೆ ಎಂದು ಅರುವತ್ತನೆಯ ವಯಸ್ಸಿನಲ್ಲಿ ಬಸ್ಸಿನ ಹಿಂದೆ ಓಡಲು ಹೊರಟರೆ ಹೇಗೆ? ಇನ್ನು ನಕಲಿ ಮಾಲಿನ ಮಾತು ಬಿಡಿ. ಅದರ ಹಿಂದೆ ಯಾವ ಪರೀಕ್ಷೆಯೂ ಇಲ್ಲದೆ ಇನ್ನೂರು ಮೀಟರ್ ಎಂದೂ ಅಚ್ಚು ಹೊಡೆದಿರಬಹುದು.

ಹಾಗಾದರೆ ವಾಚಿಗೆ ವಯಸ್ಸಾಗುವುದು ಎಲ್ಲಿ? ಉಕ್ಕು ಮುಪ್ಪಾಗದು, ಗಾಜು ಮುಪ್ಪಾಗದು. ಮುಪ್ಪಾಗುವುದು ರಬ್ಬರು. ವಾಚಿನೊಳಕ್ಕೆ ನೀರು ಹೋಗಬಹುದಾದ ದಾರಿ ಮೂರು. ಮೊದಲನೆಯದು ಹಿಂದಿನ ಮುಚ್ಚಳ ಕೂರುವ ಅಂಚು. ಎರಡನೆಯದು ಗಾಜು ಕೂರುವ ಅಂಚು. ಮೂರನೆಯದು ಬದಿಯ ಗುಂಡಿ, ಹಿಂದೆ ಕೀ ಕೊಡಲು ತಿರುಗಿಸುತ್ತಿದ್ದದ್ದು, ಈಗ ಸಮಯ ಸರಿಮಾಡಲು ಎಳೆಯುವುದು. ರಿಪೇರಿಯವರು ಅದನ್ನು ಕ್ರೌನ್ ಎನ್ನುತ್ತಾರೆ. ಕೆಲವು ವಾಚುಗಳಲ್ಲಿ ಒತ್ತುವ ಗುಂಡಿಗಳು ಬೇರೆ ಇರುತ್ತವೆ, ಅಷ್ಟು ದಾರಿ ಹೆಚ್ಚಾಯಿತು. ಈ ಪ್ರತಿಯೊಂದು ದಾರಿಯಲ್ಲೂ ಕಾವಲಿಗೆ ಒಂದು ತೆಳು ಬಳೆ ಇರುತ್ತದೆ. ಗಾಜಿನ ಸುತ್ತ ಕೆಲವೊಮ್ಮೆ ಪ್ಲಾಸ್ಟಿಕ್ಕಿನದು, ಉಳಿದ ಕಡೆ ಸಾಮಾನ್ಯವಾಗಿ ರಬ್ಬರಿನದು. ನಮ್ಮ ಪೇಟೆಗಳಲ್ಲಿ ಅದಕ್ಕೆ ವಾಷರ್ ಎಂದೇ ಹೆಸರು.

ಮನೆಯ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಹೊಸತಿರುವಾಗ ಮೆತ್ತಗೆ, ಬಗ್ಗಿಸಿದಂತೆ ಬಗ್ಗುತ್ತದೆ. ಕಾಲ ಕಳೆದಂತೆ ಗಟ್ಟಿಯಾಗುತ್ತದೆ, ಸಡಿಲವಾಗುತ್ತದೆ. ಸೀಟಿ ಬರಬೇಕಾದಲ್ಲಿ ಬದಿಯಿಂದ ಉಗಿ ಹೋಗುತ್ತದೆ. ಆಗ ಕುಕ್ಕರನ್ನು ಎಸೆಯುತ್ತೇವೆಯೇ, ಅದನ್ನು ಕೊಟ್ಟವರನ್ನು ಬೈಯುತ್ತೇವೆಯೇ? ಇಲ್ಲ, ಹೊಸ ಗ್ಯಾಸ್ಕೆಟ್ ಹಾಕುತ್ತೇವೆ. ವಾಚಿನ ಬಳೆಯೂ ಅದೇ ಜಾತಿಯದು. ಕುಕ್ಕರಿನದು ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ವಾಚಿನದು ಕಾಣುವುದಿಲ್ಲ. ಬೆವರು, ಸೋಪು, ಬಿಸಿಲು, ಸೆಂಟು ಎಲ್ಲವೂ ಅದನ್ನು ಸದ್ದಿಲ್ಲದೆ ಸವೆಸುತ್ತವೆ. ಪಟ್ಟಿಯ ಕೊಳೆ ತೆಗೆಯಲು ಸೀಮೆಎಣ್ಣೆಯಲ್ಲಿ ಒರಸುವ ಅಭ್ಯಾಸ ಕೆಲವರಿಗಿದೆ. ಕೆಲವು ಬಗೆಯ ರಬ್ಬರು ಸೀಮೆಎಣ್ಣೆ ತಾಗಿದರೆ ಊದಿಕೊಳ್ಳುತ್ತದೆ. ಅದನ್ನು ಮಾಡಬೇಡಿ.

ಈ ಮೂರು ದಾರಿಗಳನ್ನು ಮುಚ್ಚುವ ಪ್ರಯತ್ನ ಹಳೆಯದು. ಹೆಸರುವಾಸಿಯಾದ ಒಂದು ಪರೀಕ್ಷೆ ನಡೆದದ್ದು ಇಂಗ್ಲೆಂಡು ಮತ್ತು ಫ್ರಾನ್ಸುಗಳ ನಡುವಿನ ಕಡಲಿನಲ್ಲಿ. ರೋಲೆಕ್ಸ್ ಕಂಪನಿ 1926ರಲ್ಲಿ ಮುಚ್ಚಳವನ್ನೂ ಗುಂಡಿಯನ್ನೂ ತಿರುಪಿನಂತೆ ಬಿಗಿಯುವ ಒಂದು ವಾಚನ್ನು ತಂದಿತು. ಚಿಪ್ಪು ಮುಚ್ಚಿಕೊಳ್ಳುವ ಮಳಿಯ ಹಾಗೆ ಎಂದು ಅದಕ್ಕೆ ಆಯ್‌ಸ್ಟರ್ ಎಂದು ಹೆಸರಿಟ್ಟರು. ಮರುವರ್ಷ, 1927ರ ಅಕ್ಟೋಬರದಲ್ಲಿ, ಮರ್ಸಿಡೀಸ್ ಗ್ಲೈಟ್ಸ್ ಎಂಬ ತರುಣಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳು. ಅಷ್ಟರಲ್ಲಿ ಇನ್ನೊಬ್ಬಳು ತಾನೂ ದಾಟಿದೆನೆಂದು ಸುಳ್ಳು ಹೇಳಿ ಸಿಕ್ಕಿಬಿದ್ದಳು. ಅದರಿಂದ ಗ್ಲೈಟ್ಸಳ ಮೇಲೂ ಜನಕ್ಕೆ ಸಂಶಯ ಬಂತು. ತನ್ನ ಮಾತು ನಿಜವೆಂದು ತೋರಿಸಲು ಆಕೆ ಅಕ್ಟೋಬರ್ 21ರಂದು ಮತ್ತೊಮ್ಮೆ ನೀರಿಗಿಳಿದಳು. ಆ ದಿನ ಆಕೆಯ ಕೊರಳಲ್ಲಿ ಪಟ್ಟಿಗೆ ಕಟ್ಟಿದ ಆ ವಾಚಿತ್ತು. ನೀರು ಮೈ ಮರಗಟ್ಟಿಸುವಷ್ಟು ತಂಪು. ಹತ್ತು ಗಂಟೆಗೂ ಹೆಚ್ಚು ಈಜಿ, ದಡ ಮುಟ್ಟಲಾಗದೆ ಆಕೆಯನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ವಾಚು ಮಾತ್ರ ನಡೆಯುತ್ತಲೇ ಇತ್ತು. ಕಂಪನಿ ಅದನ್ನು ಲಂಡನ್ನಿನ ಪತ್ರಿಕೆಯ ಮುಖಪುಟದಲ್ಲಿ ದೊಡ್ಡ ಜಾಹೀರಾತಾಗಿ ಹಾಕಿತು. ನೀರು ಹೋಗದ ವಾಚು ಎಂಬ ಆಸೆ ಜನರಲ್ಲಿ ಬಲವಾಗಿ ಬೇರೂರಿದ್ದು ಇಂಥ ಜಾಹೀರಾತುಗಳಿಂದ. ಆ ವಾಚು ಅಂದು ಹೊಸತು, ಅದರ ಬಿಗಿ ಹೊಸತು ಎಂಬುದನ್ನು ಜಾಹೀರಾತು ಹೇಳಬೇಕಾಗಿರಲಿಲ್ಲ.

ನಮ್ಮ ಕಡೆ ಈ ಆಸೆ ಬಂದದ್ದು ತಡವಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಶುರುವಾಯಿತು. ಆ ಕಾಲದ ಹಿರಿಯರು ವಾಚನ್ನು ಸ್ನಾನಕ್ಕೆ ಮೊದಲು ಬಿಚ್ಚಿ ಗೂಡಿನಲ್ಲಿಡುತ್ತಿದ್ದರು, ಮಳೆ ಬಂದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಿಸೆಯಲ್ಲಿಡುತ್ತಿದ್ದರು. 2016ರಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ.ಯ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೆ ಆ ವಾಚುಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿ ನಡೆಯುತ್ತಿವೆ. ಅಂಥದೊಂದು ನಿಮ್ಮಲ್ಲಿದ್ದರೆ ಹಿರಿಯರ ಕ್ರಮವನ್ನೇ ಪಾಲಿಸಿ, ನೀರಿನಿಂದ ದೂರವಿಡಿ. ಇನ್ನೊಂದು ಕಾರ್ಖಾನೆ ನಮ್ಮ ಹಾಗೆ ಗಡಿಯಾಚೆಯ ಕನ್ನಡಿಗರಿರುವ ಹೊಸೂರಿನಲ್ಲಿ, 1980ರ ದಶಕದಲ್ಲಿ ಟೈಟಾನ್ ಕಂಪನಿ ಕಟ್ಟಿಸಿದ್ದು. ಆ ಕಂಪನಿ 2002ರಲ್ಲಿ ಎಡ್ಜ್ ಎಂಬ ವಾಚನ್ನು ತಂದಿತು. ಒಟ್ಟು ದಪ್ಪ ಮೂರೂವರೆ ಮಿಲಿಮೀಟರು. ಅಷ್ಟು ತೆಳುವಿನಲ್ಲೂ 30 ಮೀಟರಿನ ಒತ್ತಡ ತಡೆಯುವ ಬಿಗಿಯನ್ನು ಕೂರಿಸಿದ್ದರು. ಅಂದರೆ ಬಿಗಿ ದಪ್ಪದಲ್ಲಿಲ್ಲ, ಬಳೆ ಕೂರುವ ಅಂಚಿನ ನಯದಲ್ಲಿದೆ.

ಈಗ ನಿಮಗೊಂದು ಸಂಶಯ ಬರಬಹುದು. ಹೊಸ ವಾಚು ಮೂರು ಬಾರ್ ತಡೆಯುವುದಾದರೆ, ಅದನ್ನು ಕಟ್ಟಿಕೊಂಡು ಈಜಬೇಡಿ, ಬರೇ ಮಳೆ ಹನಿಗೆ, ಕೈ ತೊಳೆಯುವುದಕ್ಕೆ ಮಾತ್ರ ಎಂದು ಕಂಪನಿಯವರೇ ಪುಸ್ತಿಕೆಯಲ್ಲಿ ಯಾಕೆ ಬರೆಯುತ್ತಾರೆ? ಕೈ ಬೀಸುವಾಗ ನೀರಿನ ಒತ್ತಡ ಹಲವು ಪಟ್ಟು ಏರುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಲೆಕ್ಕ ಹಾಕಿದರೆ ಅದು ಅಷ್ಟೇನೂ ಇಲ್ಲ. ಸೆಕೆಂಡಿಗೆ ಐದು ಮೀಟರು ವೇಗದಲ್ಲಿ ನೀರಿನೊಳಗೆ ಕೈ ಬೀಸಿದರೂ ಹೆಚ್ಚಾಗುವ ಒತ್ತಡ ಒಂದೂಕಾಲು ಮೀಟರು ಆಳದಷ್ಟು ಮಾತ್ರ. ಎತ್ತರದಿಂದ ಕೆರೆಗೆ ಹಾರುವಾಗ ಬೀಳುವ ಹೊಡೆತ ಬೇರೆ ಮಾತು. ಮೂರು ಬಾರಿನ ವಾಚಿನಲ್ಲಿ ಕೈಯಲ್ಲಿ ಉಳಿಕೆ ಇಲ್ಲ ಎಂಬುದೇ ನಿಜವಾದ ಕಾರಣ. ತಿಂಗಳ ಸಂಬಳ ತಿಂಗಳಿಗೇ ಸರಿಯಾಗುವ ಮನೆಯಲ್ಲಿ ಒಂದು ಜ್ವರ ಬಂದರೆ ಸಾಲವಾಗುತ್ತದಲ್ಲ, ಹಾಗೆ. ಬಳೆ ಸ್ವಲ್ಪ ಗಟ್ಟಿಯಾದರೆ, ಗುಂಡಿ ಕೂದಲೆಳೆಯಷ್ಟು ಹೊರಗೆ ನಿಂತರೆ, ಮುಚ್ಚಳದ ಅಂಚಿನಲ್ಲಿ ಒಂದು ಕಸದ ಎಳೆ ಸಿಕ್ಕಿದರೆ ಆ ಬಿಗಿ ಮುಗಿಯಿತು. ನೂರು ಮೀಟರಿನ ವಾಚಿನಲ್ಲಿ ಅಷ್ಟಿಷ್ಟು ಸವೆದರೂ ಈಜಲು ಸಾಕಾಗುವಷ್ಟು ಉಳಿದಿರುತ್ತದೆ.

ಆದುದರಿಂದ ಸಾಮಾನ್ಯವಾಗಿ ಹೀಗೆ ತಿಳಿದುಕೊಳ್ಳಿ. ಹಿಂದೆ ಏನೂ ಬರೆದಿಲ್ಲವಾದರೆ ನೀರು ತಾಗಿಸಲೇಬಾರದು. ಅಂಕಿಯಿಲ್ಲದೆ ಬರೇ ವಾಟರ್ ರೆಸಿಸ್ಟೆಂಟ್ ಎಂದಿದ್ದರೆ, ಅಥವಾ 30 ಮೀಟರ್ ಎಂದಿದ್ದರೆ, ಮಳೆಹನಿಗೂ ಕೈತೊಳೆಯುವುದಕ್ಕೂ ಸರಿ. 50 ಮೀಟರ್ ಎಂದಿದ್ದರೆ ನೀರಿನ ಕೆಲಸಕ್ಕೆ ತೊಂದರೆಯಿಲ್ಲ. ಈಜಬಹುದೇ ಎಂಬುದನ್ನು ಅದರ ಪುಸ್ತಿಕೆ ನೋಡಿ ತೀರ್ಮಾನಿಸಿ. ಈಜುವವರಿಗೆ, ಕಡಲಿಗೆ ಹೋಗುವವರಿಗೆ 100 ಮೀಟರಿನದೇ ಒಳ್ಳೆಯದು. ಮುಳುಗುಗಾರರ ವಾಚು ಎಂಬುದು ಬೇರೆಯೇ ಜಾತಿ. ಅದರ ನಿಯಮಾವಳಿ ಐ.ಎಸ್.ಒ. 6425. ಅಲ್ಲಿ ಒಂದೊಂದು ವಾಚನ್ನೂ ಪರೀಕ್ಷಿಸಬೇಕು, ಅದೂ ಬರೆದ ಅಂಕಿಗಿಂತ ಕಾಲು ಭಾಗ ಹೆಚ್ಚಿನ ಒತ್ತಡದಲ್ಲಿ. 200 ಮೀಟರೆಂದು ಬರೆದದ್ದು 250 ಮೀಟರಿನ ಒತ್ತಡ ತಡೆದು ಬಂದಿರುತ್ತದೆ. ಮಕ್ಕಳು ಕಟ್ಟುವ ಸ್ಮಾರ್ಟ್ ವಾಚುಗಳಲ್ಲಿ ಐಪಿ 67, ಐಪಿ 68 ಎಂದು ಬರೆದಿರುತ್ತದೆ. ಅದರಲ್ಲಿ ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಏಳು ಎಂದರೆ ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ. ಎಂಟು ಎಂದರೆ ಅದಕ್ಕಿಂತ ಕಠಿಣ, ಎಷ್ಟೆಂಬುದನ್ನು ತಯಾರಕರೇ ಹೇಳಬೇಕು.

ನಮ್ಮ ಊರಿನ ಕೆಲಸಗಳಲ್ಲಿ ವಾಚಿಗೆ ಮುಳುವಾಗುವುದು ಯಾವುದು? ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಸೀಮೆ ನಮ್ಮದು. ಹಾಗಿದ್ದೂ ಮಳೆಹನಿ ಅಷ್ಟು ದೊಡ್ಡ ಶತ್ರುವಲ್ಲ. ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರಿನ ನೋಡಿ. ಅದರ ಬಾಯಲ್ಲಿ ದ್ರಾವಣದ ಒತ್ತಡ ಮೂರು ಬಾರಿಗಿಂತ ಬಹಳ ಹೆಚ್ಚು. ಪೈಪು ಬಿಟ್ಟು ಹಾರಿ ಹತ್ತಿರದಿಂದ ಕೈಗೆ ಹೊಡೆದರೆ 30 ಮೀಟರಿನ ವಾಚು ತಾಳುವುದು ಕಷ್ಟ. ಮೇಲಾಗಿ ಅದು ಬರೇ ನೀರಲ್ಲ, ಮೈಲುತುತ್ತು ಮತ್ತು ಸುಣ್ಣ. ಮದ್ದು ಬಿಡುವ ದಿನ ವಾಚನ್ನು ಮನೆಯಲ್ಲೇ ಬಿಟ್ಟುಹೋಗಿ.

ಎರಡನೆಯದು ಬಚ್ಚಲಿನ ಬಿಸಿನೀರು. ಹಂಡೆಯ ಬಿಸಿನೀರಿಗೂ ಉಗಿಗೂ ವಾಚನ್ನು ಪರೀಕ್ಷಿಸಿರುವುದಿಲ್ಲ. ಬಿಸಿಗೆ ಲೋಹ ಹಿಗ್ಗುವುದು ಒಂದು ಬಗೆ, ರಬ್ಬರು ಹಿಗ್ಗುವುದು ಇನ್ನೊಂದು ಬಗೆ. ಸೋಪಿನ ನೀರು ಬರೇ ನೀರಿಗಿಂತ ಸುಲಭವಾಗಿ ಸಂದಿಗೆ ನುಗ್ಗುತ್ತದೆ. ಯಾವ ಅಂಕಿಯ ವಾಚಾದರೂ ಸ್ನಾನಕ್ಕೆ ಬಿಚ್ಚಿಡುವುದು ಲೇಸು. ಮೂರನೆಯದು ಬದಿಯ ಗುಂಡಿಯ ಮರೆವು. ತಾರೀಕು ಸರಿಮಾಡಲು ಎಳೆದವರು ಪೂರ್ತಿ ಒತ್ತದೆ ಬಿಡುತ್ತಾರೆ. ಅದು ಬಾಗಿಲು ತೆರೆದಿಟ್ಟು ಗೋಡೆಗೆ ಕಾವಲು ಕೂತಂತೆ. ಒದ್ದೆ ಕೈಯಲ್ಲಿ, ನೀರಿನೊಳಗೆ ಯಾವ ಗುಂಡಿಯನ್ನೂ ಮುಟ್ಟಬೇಡಿ. ಕಡಲಿನ ಉಪ್ಪುನೀರು ತಾಗಿದರೆ ಗುಂಡಿ ಒತ್ತಿದೆಯೇ ಎಂದು ನೋಡಿಕೊಂಡು, ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರಸಿ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಸೆಲ್ಲು ಹಾಕಿಸುವ ದಿನ. ಆ ದಿನ ಮುಚ್ಚಳ ತೆರೆಯುತ್ತದೆ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಒತ್ತಿ ಕೂತಿದ್ದ ಬಳೆ ಎದ್ದುಬರುತ್ತದೆ. ಅದು ಚಪ್ಪಟೆಯಾಗಿರುತ್ತದೆ, ಕೆಲವೊಮ್ಮೆ ಬಿರುಕು ಬಿಟ್ಟಿರುತ್ತದೆ. ಅದನ್ನೇ ತಿರುಗಿ ಹಾಕಿ ಮುಚ್ಚಳ ಒತ್ತಿದರೆ ವಾಚು ನಡೆಯುತ್ತದೆ, ನೋಡಲು ಏನೂ ವ್ಯತ್ಯಾಸವಿಲ್ಲ. ಆದರೆ ಆ ಕ್ಷಣದಿಂದ ಹಿಂದಿನ ಅಂಕಿಗೆ ಅರ್ಥವಿಲ್ಲ. ಸರಿಯಾದ ಕ್ರಮವೆಂದರೆ ಬಳೆ ಕೂರುವ ಗಾಡಿಯನ್ನು ಒರಸಿ, ಹೊಸ ಬಳೆಗೆ ಸಿಲಿಕೋನ್ ಗ್ರೀಸು ತೆಳ್ಳಗೆ ಸವರಿ ಕೂರಿಸಿ, ಮುಚ್ಚಳ ಹಾಕಿ, ಆಮೇಲೆ ಒತ್ತಡದ ಯಂತ್ರದಲ್ಲಿ ಪರೀಕ್ಷಿಸುವುದು. ಈ ಯಂತ್ರದಲ್ಲಿ ನೀರೇ ಬೇಡ. ಗಾಳಿಯ ಒತ್ತಡ ಕೊಟ್ಟು ವಾಚಿನ ಮೈ ಎಷ್ಟು ಬಾಗುತ್ತದೆ ಎಂದು ಅಳೆಯುತ್ತದೆ. ಗಾಳಿ ಒಳಗೆ ನುಸುಳುತ್ತಿದ್ದರೆ ಅದು ತಿಳಿಯುತ್ತದೆ. ದೊಡ್ಡ ಪೇಟೆಯ ಕಂಪನಿ ಸರ್ವಿಸ್ ಸೆಂಟರುಗಳಲ್ಲಿ ಈ ಸೌಲಭ್ಯವನ್ನು ಕೇಳಬಹುದು.

ನಮ್ಮ ಸಣ್ಣ ಪೇಟೆಯ ರಿಪೇರಿಯವರಲ್ಲಿ ಯಂತ್ರ ಇಲ್ಲದಿರಬಹುದು, ಆದರೆ ಬಳೆ ಬದಲಿಸಲು ಅವರಿಗೆ ಬರುತ್ತದೆ. ಕೇಳದೆ ಹೇಗೆ ಕೊಟ್ಟಾರು? ಕನ್ನಡದಲ್ಲಿ ಕೇಳಿ, "ಸೆಲ್ಲಿನ ಜತೆ ವಾಷರೂ ಹೊಸತು ಹಾಕಿ." ಮಲಯಾಳದಲ್ಲಿ ಕೇಳಿ, "ವಾಷರ್ ಮಾಟ್ಟಣಂ." ಕೆಲಸ ಮುಗಿದ ಮೇಲೆ ಇನ್ನೊಂದು ಪ್ರಶ್ನೆ, "ಇನಿ ವೆಳ್ಳಂ ಕೇರುಮೋ?" ಇನ್ನು ನೀರು ಹೋದೀತೇ ಎಂದು. ಪ್ರಾಮಾಣಿಕ ರಿಪೇರಿಯವನು, ಪರೀಕ್ಷೆ ಮಾಡಿಲ್ಲ, ನೀರಿಗೆ ತಾಗಿಸಬೇಡಿ ಎಂದು ಹೇಳಿಯಾನು. ಆ ಮಾತನ್ನು ಅಂಕಿಗಿಂತ ಹೆಚ್ಚು ನಂಬಿ.

ಸೆಲ್ಲು ಹಾಕಿಸುವ ಕಾಲವೂ ಮುಖ್ಯ. ಆಟಿ ತಿಂಗಳ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಆಗ ಮುಚ್ಚಳ ತೆರೆದು ಮುಚ್ಚಿದರೆ ಆ ತೇವದ ಗಾಳಿಯೇ ಒಳಗೆ ಸೆರೆಯಾಗುತ್ತದೆ. ಆಮೇಲೆ ಸುರಂಗದ ತಣ್ಣೀರಿಗೆ ಕೈಯೊಡ್ಡಿದಾಗ, ಇಲ್ಲವೇ ಎ.ಸಿ. ಇರುವ ಬ್ಯಾಂಕಿನೊಳಗೆ ಕೂತಾಗ, ಗಾಜು ತಣಿದು ಒಳಬದಿಯಲ್ಲಿ ಮಂಜು ಕಟ್ಟುತ್ತದೆ. ನೀರು ಹೊರಗಿನಿಂದ ಬರಲಿಲ್ಲ, ಒಳಗೇ ಇತ್ತು. ಸೆಲ್ಲು ಸೊರಗಿದ ಲಕ್ಷಣ ಕಂಡರೆ ಮಳೆಗೆ ಮೊದಲೇ, ಒಣ ತಿಂಗಳುಗಳಲ್ಲಿ ಹಾಕಿಸಿಕೊಳ್ಳಿ. ಕೆಲವು ವಾಚುಗಳಲ್ಲಿ ಸೆಲ್ಲು ಮುಗಿಯುವ ಹೊತ್ತಿಗೆ ಸೆಕೆಂಡಿನ ಮುಳ್ಳು ಒಮ್ಮೆಲೇ ಎರಡೋ ನಾಲ್ಕೋ ಮನೆ ಹಾರಿ ಸೂಚನೆ ಕೊಡುತ್ತದೆ.

ಒಳಗೆ ತೇವ ಇದೆಯೋ ಎಂದು ಮನೆಯಲ್ಲೇ ನೋಡುವ ಒಂದು ಉಪಾಯವಿದೆ. ನಿಯಮಾವಳಿಯ ಪರೀಕ್ಷೆಯದೇ ಸರಳ ರೂಪ. ಕೈಗೆ ತಾಳುವಷ್ಟು ಬಿಸಿನೀರು ತುಂಬಿದ ಸ್ಟೀಲು ಡಬ್ಬದ ಮುಚ್ಚಳದ ಮೇಲೆ ವಾಚನ್ನು ಹತ್ತು ಹದಿನೈದು ನಿಮಿಷ ಇಡಿ. ಮೈ ಉಗುರುಬೆಚ್ಚಗಾದ ಮೇಲೆ ಗಾಜಿನ ನಡುವೆ ಒಂದು ಹನಿ ತಣ್ಣೀರು ಬಿಡಿ. ಒಂದು ನಿಮಿಷ ಬಿಟ್ಟು ಒರಸಿ ನೋಡಿ. ಹನಿ ಇದ್ದ ಜಾಗದಲ್ಲಿ ಗಾಜಿನ ಒಳಬದಿಯಲ್ಲಿ ಮಸುಕು ಕಂಡರೆ ಒಳಗೆ ತೇವವಿದೆ. ಕಾಣದಿದ್ದರೆ ಈಗ ಒಣಗಿದೆ ಎಂದಷ್ಟೇ ಅರ್ಥ. ನಾಳೆ ನೀರು ಹೋಗದು ಎಂದಲ್ಲ.

ಮಂಜು ಕಟ್ಟಿದ ಮೇಲೆ ಏನು ಮಾಡಬೇಕು? ಬಿಸಿಲಿಗೆ ಇಡಬೇಡಿ, ಒಲೆಯ ಹತ್ತಿರ ಇಡಬೇಡಿ, ಅಕ್ಕಿಯಲ್ಲಿ ಹೂತಿಡಬೇಡಿ. ಮುಚ್ಚಿದ ಡಬ್ಬದೊಳಗಿನ ನೀರು ಹೊರಗಿನ ಅಕ್ಕಿಗೆ ಹೇಗೆ ಬಂದೀತು? ಬಿಸಿಗೆ ಮಂಜು ಮಾಯವಾದಂತೆ ಕಂಡರೂ ನೀರು ಒಳಗೇ ಆವಿಯಾಗಿ ಇರುತ್ತದೆ, ಉಕ್ಕಿನ ಪುಟ್ಟ ಹಲ್ಲುಗಳಿಗೆ ತುಕ್ಕು ಹಿಡಿಸುತ್ತದೆ. ಆ ದಿನವೇ, ತಪ್ಪಿದರೆ ಮರುದಿನವೇ, ರಿಪೇರಿಯವರಲ್ಲಿಗೆ ಒಯ್ದು ತೆರೆಸಿ ಒಣಗಿಸಿ. ಉಪ್ಪುನೀರು ಹೋಗಿದ್ದರಂತೂ ಒಂದು ದಿನವನ್ನೂ ಕಾಯಬೇಡಿ.

ಅಪ್ಪನ ವಾಚಿನ ಕತೆ ಅರ್ಧದಲ್ಲಿ ನಿಂತಿತ್ತು. ಒಂದು ತಿಂಗಳು ಅದು ಮೇಜಿನ ಖಾನೆಯಲ್ಲಿತ್ತು. ಆಮೇಲೆ ನಾನೇ ಅದನ್ನು ಒಬ್ಬ ಹಿರಿಯ ರಿಪೇರಿಯವರ ಹತ್ತಿರ ಕೊಂಡುಹೋದೆ, ಅಪ್ಪನೂ ಜತೆಗಿದ್ದರು. ಅವರು ಮುಚ್ಚಳ ತೆರೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ನೋಡಿ, ಚಿಮಟದಲ್ಲಿ ಒಂದು ಕಪ್ಪು ಎಳೆಯನ್ನು ಎತ್ತಿ ತೋರಿಸಿದರು. ಬಳೆ ಗಾಡಿಯಿಂದ ಜಾರಿ, ಮುಚ್ಚಳದ ಅಂಚಿಗೆ ಸಿಕ್ಕಿ ಎರಡು ತುಂಡಾಗಿತ್ತು. ಸೆಲ್ಲು ಹಾಕಿದ ದಿನವೇ ಹಾಗಾಗಿರಬೇಕು ಎಂದರು. "ವಾಚು ಒಳ್ಳೆಯದೇ ಅಣ್ಣೇರೆ, ತಂದವರು ಮೋಸ ಹೋಗಲಿಲ್ಲ" ಎಂದು ಸೇರಿಸಿದರು. ತುಕ್ಕು ತೆಗೆದು, ಯಂತ್ರ ಬದಲಿಸಿ, ಹೊಸ ಬಳೆ ಹಾಕಿ ಕೊಟ್ಟರು. ಅಂಕಿಗಳ ತಟ್ಟೆಯ ಮೇಲೆ ಆರು ಗಂಟೆಯ ಹತ್ತಿರ ಒಂದು ಕಂದು ಕಲೆ ಮಾತ್ರ ಹೋಗಲಿಲ್ಲ.

ಆ ರಾತ್ರಿ ಅಪ್ಪನೇ ಅಣ್ಣನಿಗೆ ಫೋನು ಮಾಡಿಸಿದರು. ತಪ್ಪಾಯಿತು ಎಂದೆಲ್ಲ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. "ವಾಚು ನಡೆಯುತ್ತಿದೆ, ವಾಷರ್ ಹೋಗಿತ್ತು ಅಷ್ಟೆ" ಎಂದರು. ಆ ಕಡೆಯಿಂದ ಅಣ್ಣ, "ಇನ್ನು ಕಣಿಗೆ ಇಳಿಯುವಾಗ ಬಿಚ್ಚಿಡಿ ಅಪ್ಪ" ಎಂದನಂತೆ. ಈಗ ತೋಟಕ್ಕೆ ಹೊರಡುವ ಮೊದಲು ಅಪ್ಪ ಅದನ್ನು ಬಿಚ್ಚಿ, ಹಿಂದಿನ ಕಾಲದಂತೆ, ಗೂಡಿನಲ್ಲಿಡುತ್ತಾರೆ.

ವಾಚು ದುಬಾರಿಯಿರಲಿ, ಅಗ್ಗದ್ದಿರಲಿ, ಅನೇಕ ಮನೆಗಳಲ್ಲಿ ಅದು ದೂರದಲ್ಲಿ ದುಡಿಯುವವರು ಕಳಿಸಿದ ವಸ್ತು. ಅದರ ಬೆನ್ನಿನ ಬರಹ ಎಂದೆಂದಿಗೂ ಕೊಟ್ಟ ಭಾಷೆಯಲ್ಲ, ಹೊಸತಿದ್ದಾಗ ಪಡೆದ ಅಂಕ. ಆ ಅಂಕವನ್ನು ಉಳಿಸುವುದು ಒಂದು ತೆಳು ಬಳೆ. ಮುಂದಿನ ಸಲ ಸೆಲ್ಲು ಹಾಕಿಸುವಾಗ ಅದನ್ನೊಮ್ಮೆ ಕೇಳಿ ಬದಲಿಸಿಕೊಳ್ಳಿ.